ಪರದೆ ದೊಡ್ಡದಾಯಿತು, ಅಕ್ಷರ ಸಣ್ಣದಾಯಿತು

ಇಂದು ಬೆಳಿಗ್ಗೆ ಮನೆಗೆ ತಂದ ಹೊಸ ಕಂಪ್ಯೂಟರಿನ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ದಪ್ಪನೆಯ ಬಿಳಿ ಅಕ್ಷರಗಳು ಮೂಡಿದವು. ಓದುವಷ್ಟರಲ್ಲಿ ಪರದೆ ಒಮ್ಮೆ ಮಿಟುಕಿತು, ಅಕ್ಷರಗಳೆಲ್ಲ ಸಾಸಿವೆಯಾದವು. ಸಿಟ್ಟು ನೆತ್ತಿಗೇರಿತು. ಯಂತ್ರದ ಮೇಲೆಂಥ ಸಿಟ್ಟು ಎಂದು ನೀವು ನಗಬಹುದು. ನಗಿ, ಮಕ್ಕಳ ಪಾಟಿಯಲ್ಲಿ ಒಂದು ಒತ್ತಕ್ಷರ ವಾಲಿದ್ದರೂ ಊಟ ರುಚಿಸದಿದ್ದ ಮಾಸ್ತರ ನಾನು. ಆದರೆ ಈ ಸಿಟ್ಟು ಸರೋಜಾಬಾಯಿಯವರ ಪರವಾಗಿ ಬಂದದ್ದು.

ಗೋವೆಯ ವಾಸ್ಕೋದ ನಮ್ಮ ಕನ್ನಡ ಶಾಲೆಯ ಕಚೇರಿಯಲ್ಲಿ ಅವರು ಕ್ಲಾರ್ಕ್ ಆಗಿದ್ದರು. ದೃಷ್ಟಿ ಮಂದ. ಅಲ್ಲಿದ್ದುದೂ ಇದೇ ಯುನಿಕ್ಸ್ ಬಗೆಯ ವ್ಯವಸ್ಥೆ: ಚಿತ್ರವಿಲ್ಲ, ಮೌಸಿಲ್ಲ, ಬರಿಯ ಅಕ್ಷರ. ಆ ದೊಡ್ಡ ಅಕ್ಷರಗಳ ಬಲದಿಂದಲೇ ಅವರ ನೌಕರಿ ನಡೆದಿತ್ತು. ಒಮ್ಮೆ ದೊಡ್ಡ ಹೊಸ ಪರದೆ, ಆ ವ್ಯವಸ್ಥೆಯ ಹೊಸ ಆವೃತ್ತಿ ಎರಡೂ ಬಂದವು, ಅಕ್ಷರಗಳು ಕುಗ್ಗಿದವು.

“ಬಾಯಾರ, ಈಗ ಎಷ್ಟ ಸಾಲ ಹಿಡಸ್ತಾವ ನೋಡ್ರಿ!” ಎಂದ, ಅವನ್ನು ಜೋಡಿಸಲು ಬಂದ ನಮ್ಮ ಕಡೆಯ ತಂತ್ರಜ್ಞ.

“ಹಿಡಸ್ತಾವೋ ಯಪ್ಪಾ, ಕಾಣಸಬೇಕಲ್ಲ? ಮೊದಲಿನಂಗ ಮಾಡಿಕೊಡು.”

“ಅದು ಬರಂಗಿಲ್ರಿ. ಚಸ್ಮಾ ಬದಲ ಮಾಡ್ರಿ.”

ತನಗೆ ತಿಳಿಯದು ಎನ್ನಲು ಆತನಿಗೆ ನಾಲಿಗೆ ಹೊರಳಲಿಲ್ಲ. ಬಾಯಿಯವರು ಗಾಜಿಗೆ ಮೂಗು ತಾಗಿಸಿ ಕೂರತೊಡಗಿದರು. “ಓದಾಕತ್ತೀರೋ, ಮೂಸಾಕತ್ತೀರೋ?” ಎಂದು ಹೆಡ್‌ಕ್ಲಾರ್ಕ್ ಕೆಣಕಿದರೆ ಕಚೇರಿಯೇ ನಕ್ಕಿತು. ತಪ್ಪುಗಳು ಹೆಚ್ಚಿದವು. ಆಡಳಿತ ಮಂಡಳಿ ಅವರನ್ನು ಮನೆಗೆ ಕಳಿಸಿತು. ಪ್ರತಿಭಟಿಸಿದ ನನಗೆ ದೊರೆತ ಉತ್ತರ: “ಸರ, ನೀವು ನಿಮ್ಮ ವ್ಯಾಕರಣ ನೋಡ್ಕೋರಿ.”

ತರಗತಿಗೆ ದೊಡ್ಡ ಕರಿಹಲಗೆ ಬಂದಾಗ ನಾನೇನು ಅಕ್ಷರಗಳನ್ನು ಕುಗ್ಗಿಸಿದೆನೇ? ಹಿಂದಿನ ಬೆಂಚಿಗೂ ಕಾಣಲೆಂದು ಹಿಗ್ಗಿಸಿದೆ. ಅಕ್ಷರ ಮೂಡಿಸುವ ಬೆಳಕಿನ ಚುಕ್ಕಿಗಳು ಪರದೆಯಲ್ಲಿ ಹೆಚ್ಚಿದ್ದರೆ ಒಂದೊಂದು ಅಕ್ಷರಕ್ಕೂ ಹೆಚ್ಚು ಚುಕ್ಕಿ ಕೊಡಿ. ಅಂಚು ನುಣುಪಾಗುತ್ತದೆ, ಕಣ್ಣು ತಣಿಯುತ್ತದೆ. ಅದನ್ನು ಬಿಟ್ಟು, ಮೊದಲಿನಷ್ಟೇ ಚುಕ್ಕಿಗಳಲ್ಲಿ ಅಕ್ಷರವನ್ನು ತುರುಕಿ, ಸಾಲು ಹೆಚ್ಚಾಯಿತೆಂದು ಬೀಗುವುದು ಎಂಥ ಜಾಣತನ!

ಇಂದು ಹಟ ಹಿಡಿದು ಕೈಪಿಡಿ ಓದಿದೆ. ಯಂತ್ರ ಚಾಲೂ ಆಗುವಾಗ ಓದುವ ಕಡತಕ್ಕೆ ದೊಡ್ಡ ಫಾಂಟಿನ ಹೆಸರು ಸೂಚಿಸುವ ಒಂದು ಸಾಲನ್ನು ಸೇರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಪರದೆ ಮಿಟುಕಿತು, ಅಕ್ಷರಗಳು ಕುಗ್ಗಲಿಲ್ಲ. ಪಕ್ಕದ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಸರೋಜಾಬಾಯಿಯವರನ್ನು ಕರೆತಂದೆ. ಅವರು ಕುರ್ಚಿಗೆ ಬೆನ್ನು ಆನಿಸಿ ಕುಳಿತು, ಅಲ್ಲಿಂದಲೇ ಸಾಲುಸಾಲಾಗಿ ಓದಿದರು.

“ಏನ್ ಮಾಡಿದ್ರಿ ಸರ?”

“ಒಂದು ಸಾಲು ಬರೆದೆ.”

“ಒಂದ ಸಾಲಿನ ಸಲುವಾಗಿ ನನ್ನ ಮನಿಗೆ ಕಳಿಸಿದ್ರೇನ್ರಿ?”

ನಾನು ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಗ್ರಾಂಥಿಕ ಕನ್ನಡ ಎಲ್ಲಿ ಹೋಯಿತೋ!

“ಚಪ್ಪಲಿ ಹಾಕ್ಕೋರಿ ಬಾಯಾರ, ಸಾಲಿ ಕಚೇರಿಗೆ ಹೋಗೂಣು.”

“ಈಗ ಹೋಗಿ ಏನ್ ಮಾಡೋದ್ರಿ?”

“ಆ ಸಾಲ ಅಲ್ಲೂ ಬರೀತೀನಿ, ನೀವು ಕುರ್ಚ್ಯಾಗ ಕುಂಡರ್ರಿ. ಅವರು ನಿಂತು ನೋಡ್ಲಿ.”