ಹುಸೇನಮ್ಮನ ಕೌದಿಯೊಳಗೊಂದು ಹೊಳೆ

ಸೂರ್ಯ ಇನ್ನೂ ಮೂಡಿಲ್ಲ. ಹುಸೇನಮ್ಮ ಆಗಲೇ ದಂಡೆಯ ಬಂಡೆಯ ಮೇಲೆ ಕೌದಿ ಹರವಿಕೊಂಡು ಕೂತಿದ್ದಾಳೆ. ಕಣ್ಣು ನೀರಿನ ಮೇಲೆ, ಕೈ ಬಟ್ಟೆಯ ಮೇಲೆ. ನೀರಿನಲ್ಲಿ ಸುಳಿ ತಿರುಗಿದಂತೆ ಸೂಜಿಯೂ ತಿರುಗುತ್ತದೆ. ಎದುರಿಗೆ ನಿಂತ ನನಗೆ ಒಂದೇ ಮಾತು: "ಸರೀರಿ ಅತ್ಲಾಗ, ಹೊಳಿ ಕಾಣವಲ್ದು."

ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುವಿರುವ ಈ ಪುಟ್ಟ ನಡುಗಡ್ಡೆಗೆ ಹರಗೋಲೇ ದಾರಿ. ಇವಳ ಕೌದಿಯ ಕತೆ ಬರೆದುಕೊಳ್ಳಲು ನಿನ್ನೆ ಸಂಜೆ ನಾನು ಜೀವ ಕೈಯಲ್ಲಿ ಹಿಡಿದು ದಾಟಿದೆ. ಇಲ್ಲೇ ಹುಟ್ಟಿ ಬೆಳೆದ ಹುಸೇನಮ್ಮನಿಗೆ ಅದು ಅಂಗಳ ದಾಟಿದಷ್ಟು ಸಲೀಸು. ಗಂಡ ಗೋಪಣ್ಣ ಹರಗೋಲು ನಡೆಸುತ್ತಾನೆ, ಮೀನು ಹಿಡಿಯುತ್ತಾನೆ. ಇವಳು ಹಳೆ ಸೀರೆ, ರುಮಾಲು, ಹರಿದ ಅಂಗಿ ಕೂಡಿಸಿ ಕೌದಿ ಹೊಲಿಯುತ್ತಾಳೆ. ಈ ಕಲೆ ಕಲಿಸಿದವರು ಯಾರು ಎಂದರೆ ಹೊಳೆಯ ಕಡೆ ಗದ್ದ ಎತ್ತಿ ತೋರಿಸುತ್ತಾಳೆ. ಏಳು ವರ್ಷದ ಹಿಂದೆ, ನಲವತ್ತೆಂಟರ ರಜಾಕಾರರ ಗದ್ದಲದಲ್ಲಿ, ದಂಡೆಯ ಊರಿನವರು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಓಡಿಬಂದಾಗ ಹೊದ್ದದ್ದು ಇವಳ ಕೌದಿಗಳನ್ನೇ.

"ಹೊಳಿ ಕಾಯ್ತು, ಕೌದಿ ಬೆಚ್ಚಗಿಟ್ತು. ನಂದೇನೈತ್ರಿ ಅದರಾಗ?"

ಅಂಥ ಕೌದಿಯೇ ಈ ವರ್ಷ ಮಗಳ ಸಂಸಾರಕ್ಕೆ ಸಂಚಕಾರ ತಂದಿತ್ತು.

ಮಗಳು ಯಮನಮ್ಮನನ್ನು ಪಾಮನಕಲ್ಲೂರಿಗೆ ಕೊಟ್ಟರು. ಹೊಳೆ ಇಲ್ಲದ ಊರು. ಹುಡುಗಿಗೆ ಬೇಸರವಾಗದಿರಲೆಂದು ತಾಯಿ ಕೌದಿಯ ಉದ್ದಕ್ಕೂ, ತಲೆಯಿಂದ ಕಾಲಿನ ಕಡೆಗೆ, ದಾರದಲ್ಲೇ ಹೊಳೆ ಹರಿಸಿ ಕಳಿಸಿದಳು. ಗಡ್ಡೆಯವರು ಮಲಗುವುದು ನೀರು ಬರುವ ಪಡುವಣಕ್ಕೆ ತಲೆಯಿಟ್ಟು. ಅತ್ತೆಯ ಮನೆಯಲ್ಲಿ ಮೂಡಲಿಗೇ ತಲೆ ಇಡಬೇಕು. ಹಾಗೆ ಹಾಸಿದರೆ ಹೊಳೆ ಮೂಡಲಿಂದ ಪಡುವಣಕ್ಕೆ, ಹಿಂದಕ್ಕೆ ಹರಿಯುತ್ತದೆ. ಕೌದಿ ತಿರುಗಿಸಿ ಹಾಸಿದರೆ ಎದುರು ಹರಿದು ಬರುವ ಹೊಳೆತಾಯಿ ಗಂಗವ್ವನಿಗೆ ಕಾಲು ಚಾಚಿದಂತಾಗುತ್ತದೆ! ಹುಡುಗಿ ಕೌದಿ ಮಡಚಿಟ್ಟು ಬರಿ ನೆಲದ ಮೇಲೆ ಮಲಗಿದಳು, ನಿದ್ದೆಗೆಟ್ಟು ಸೊರಗಿದಳು. ಕಾರಣ ಹೇಳಲು ನಾಚಿಕೆ. ಅತ್ತೆ ರೇಗಿ, ಊರೂರು ಸುತ್ತಿ ಬಳೆ ಮಾರುವ ಗೌಸ್‌ಸಾಬನ ಕೈಗೆ ಕೌದಿ ಕೊಟ್ಟು ಹೇಳಿ ಕಳಿಸಿದಳು: "ಆಕಿಗೆ ನಮ್ಮನಿ ಸೇರವಲ್ದು. ಬಂದು ಕರ್ಕೊಂಡು ಹೋಗ್ರಿ."

ಯಮನಮ್ಮ ಮಾತ್ರ ಬಳೆ ಇಡಿಸಿಕೊಳ್ಳುತ್ತ ಸಾಬನ ಕಿವಿಯಲ್ಲಿ ನಿಜ ಹೇಳಿದ್ದಳು.

"ಕೇಳಿ ನನ್ನ ಎದಿ ಧಸಕ್ಕಂತು" ಎನ್ನುತ್ತಾಳೆ ಹುಸೇನಮ್ಮ. "ಹೊಳಿಗೆ ತಲಿ-ಕಾಲು ಇಟ್ಟು ಹೊಲಿದಿದ್ನೆಲ್ರಿ, ತಪ್ಪು ನಂದ."

ದಾರವನ್ನೆಲ್ಲ ಬಿಚ್ಚಿದಳು. ನಡುವೆ ಗಡ್ಡೆ ಕೂರಿಸಿ, ಸುತ್ತಲೂ ನೀರು ಸುತ್ತಿಸಿ ಮತ್ತೆ ಹೊಲಿದಳು. "ಈಗ ಯಾ ಕಡಿ ತಲಿ ಇಟ್ರೂ ನನ್ನ ಮಗಳು ಗಡ್ಡಿ ಮ್ಯಾಲ ಮಲಗ್ಯಾಳ." ಕೌದಿಯ ಕೊನೆಯ ಮೂಲೆಗೆ ಹೋಳಿಗೆಯ ಚೂರು ತುಂಬಿ ಬಾಯಿ ಹೊಲಿಯುವುದು ಇವರ ಮನೆಯ ಪದ್ಧತಿ. ಈ ಸಲ ಆ ಮೂಲೆಯನ್ನು ಹಾಗೇ ಬಿಟ್ಟು, ಹೋಳಿಗೆ ಜೊತೆಗಿಟ್ಟು, ಸಾಬನ ಕೈಯಲ್ಲೇ ಕಳಿಸಿದ್ದಾಳೆ. "ಬೀಗತಿನ ಹೊಲೀಲಿ. ಆಕಿ ಕೈನೂ ಬೀಳ್ಲಿ." ಹೋದ ಅಮಾವಾಸ್ಯೆಯಿಂದ ಸುದ್ದಿಯಿಲ್ಲ. ಇವತ್ತು ಕಣ್ಣು ಪದೇಪದೇ ನೀರಿನತ್ತ ಹೋಗುವುದು ಸುಳಿ ನೋಡಲಷ್ಟೇ ಅಲ್ಲ.

ಹೊತ್ತು ಮೂಡುವಾಗ ಗೋಪಣ್ಣನ ಹರಗೋಲು ತಿರುಗುತ್ತ ಬರುತ್ತದೆ. ಒಳಗೆ ಬಳೆಯ ಮಲಾರ ತಬ್ಬಿ ಕೂತ ಗೌಸ್‌ಸಾಬ. ಹುಸೇನಮ್ಮ ಮೊಣಕಾಲುದ್ದ ನೀರಿಗೇ ಇಳಿಯುತ್ತಾಳೆ.

"ಏನಂದ್ಲು ಬೀಗತಿ?"

"ಕೌದಿ ಬಾಯಿ ಆಕೀನ ಹೊಲದಾಳ. ಆದ್ರ ಯಕ್ಕಾ..." ಸಾಬ ಮುಖ ಸಣ್ಣದು ಮಾಡಿ ರಾಗ ಎಳೆಯುತ್ತಾನೆ. "ಮತ್ತೊಂದು ಫಿರ್ಯಾದಿ ಕಳಿಸ್ಯಾಳ. ಸೊಸಿ ಈಗ ಹೊತ್ತೇರಿದ್ರೂ ಏಳವಲ್ಲಳಂತ!"

ಹುಸೇನಮ್ಮ ನಗುತ್ತಾಳೆ, ಅಳುತ್ತಾಳೆ, ಒದ್ದೆ ಸೆರಗಿನಲ್ಲೇ ಕಣ್ಣೊರೆಸಿಕೊಳ್ಳುತ್ತಾಳೆ. ಅವಳು ಬಂಡೆಗೆ ಮರಳಿ ಸೂಜಿಗೆ ದಾರ ಪೋಣಿಸುತ್ತ ನನ್ನತ್ತ ತಿರುಗುತ್ತಾಳೆ.

"ಇದನ್ನ ಬರ್ಕೋರಿ. ನನ್ನ ಕೌದಿ ಮ್ಯಾಲ ಇಂಥಾ ಫಿರ್ಯಾದಿ ದಿನಾ ಬರ್ಲಿ."