ನಿಲ್ಲುವುದನ್ನು ಮರೆತ ರಾಮಪ್ರಸಾದ

ಜಪಾನಿನ ನಗೋಯಾ ನಗರದ ಹೊರವಲಯದ ಒಂದು ಪ್ರಾಥಮಿಕ ಶಾಲೆಯ ಹಿಂದೆ, ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗಳ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳುವ ಕೇಂದ್ರವೊಂದಿದೆ. ಪ್ರಭಾ ಅಲ್ಲಿ ಸಹಾಯಕಿ. ಗಂಡ ರಾಮಪ್ರಸಾದ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಒಬ್ಬಳೇ ಮಗಳು ಅಪೂರ್ವಾ ಅಲ್ಲೇ ಹುಟ್ಟಿ ಬೆಳೆದವಳು, ಹೈಸ್ಕೂಲಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಮನೆಯಲ್ಲಿ ಕೂತು ಕೂತು ಬೇಜಾರಾಗಿ ಹಿಡಿದ ಕೆಲಸ ಪ್ರಭಾಳದು. ಹಿಡಿದ ಮೇಲೆ ಬಿಡಲು ಮನಸ್ಸಾಗಲಿಲ್ಲ.

ಅಲ್ಲಿನ ಮಕ್ಕಳಿಗೆ ಒಂದು ಆಟವೆಂದರೆ ಪ್ರಾಣ. ಒಬ್ಬ ಗೋಡೆಗೆ ಮುಖ ಮಾಡಿ ಹಾಡಿನಂಥ ಒಂದು ಸಾಲು ಹೇಳುತ್ತಾನೆ. ಅಷ್ಟರಲ್ಲಿ ಉಳಿದವರು ಕಳ್ಳಹೆಜ್ಜೆಯಲ್ಲಿ ಅವನತ್ತ ಸಾಗಬೇಕು. ಅವನು ತಟಕ್ಕನೆ ತಿರುಗಿದರೆ ಎಲ್ಲರೂ ಕಲ್ಲಾಗಿ ನಿಲ್ಲಬೇಕು. ಒಂದನೇ ತರಗತಿಯವರು ಮಾತ್ರ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಬೇಕೆಂದೇ ಆಟ ಕೆಡಿಸುತ್ತಾರೆಂದು ಪ್ರಭಾ ಒಮ್ಮೆ ಗದರಿದಳು. ಕೇಂದ್ರದ ಮುಖ್ಯಸ್ಥೆ ಹಯಾಶಿ-ಸಾನ್, ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿರದ ನರೆಗೂದಲ ಹೆಂಗಸು, ಅವಳನ್ನು ಪಕ್ಕಕ್ಕೆ ಕರೆದರು.

"ಅದು ಹಟ ಅಲ್ಲ, ಪ್ರಭಾ-ಸಾನ್. ತಡೆಯೋ ಶಕ್ತಿ ಇನ್ನೂ ಬಂದಿಲ್ಲ." ಅವರು ತಮ್ಮ ಹಣೆ ಮುಟ್ಟಿ ತೋರಿಸಿದರು. "ಹೇಳಿದ್ದನ್ನ ತಲೇಲಿ ಹಿಡಿದಿಟ್ಕೊಳ್ಳೋದು, ತನ್ನನ್ನ ತಾನು ತಡೆಯೋದು, ದಾರಿ ಮುಚ್ಚಿದ್ರೆ ಬೇರೆ ದಾರಿ ಹುಡುಕೋದು, ಎಲ್ಲಾ ಇದರ ಹಿಂದೆ ನಿಧಾನವಾಗಿ ಮಾಗುತ್ತೆ. ಆರು ವರ್ಷಕ್ಕೆ ಕಾಯಿ, ಹದಿನೈದಕ್ಕೂ ದೋರಗಾಯಿ. ಇಪ್ಪತ್ತೈದಾದ್ರೂ ಬೇಕು. ಅಲ್ಲೀವರೆಗೆ ನಾವು ಹೊರಗಿಂದ ಆಸರೆ ಕೊಡಬೇಕು, ಕಲಿತ ಹಾಗೆ ಒಂದೊಂದೇ ತೆಗೀತಾ ಬರಬೇಕು."

ಇನ್ನೊಂದು ಮಾತನ್ನೂ ಸೇರಿಸಿದರು. ಮಗುವಿಗೆ ಓಡಬೇಡ ಅಂದರೆ ಅದಕ್ಕೆ ಕೇಳಿಸುವುದು ಓಡು ಎಂಬುದಷ್ಟೇ. ಆದ್ದರಿಂದ ನಡಿ ಅನ್ನಬೇಕು. ಒಂದು ಸಲಕ್ಕೆ ಒಂದೇ ಮಾತು, ಅದೂ ಮೆಲ್ಲಗೆ.

ಪ್ರಭಾ ಇದನ್ನು ಮನೆಗೂ ತಂದಳು. ಅಲ್ಲಿಯವರೆಗೆ ಅಪೂರ್ವಾಳ ಓದಿನ ಯೋಜನೆಯೆಲ್ಲ ಅಪ್ಪನದು, ಬ್ಯಾಗು ಜೋಡಿಸುವುದು ಅಮ್ಮನದು. ಈಗ ಪ್ರಭಾ ಕೈಬಿಟ್ಟು, "ಮೊದಲು ಯಾವುದು ಮಾಡ್ತೀಯಾ?" ಎಂದು ಕೇಳತೊಡಗಿದಳು. "ಐ ಡೋಂಟ್ ನೋ, ಅಮ್ಮ!" ಎಂದು ಸಿಡುಕುತ್ತಿದ್ದ ಹುಡುಗಿ, ಒಂದೆರಡು ಪರೀಕ್ಷೆ ಕೆಡಿಸಿಕೊಂಡ ಮೇಲೆ, ಯಾವ ದಿನ ಯಾವ ಪಾಠ ಎಂದು ತಾನೇ ಲೆಕ್ಕ ಹಾಕಿಕೊಂಡಳು. ಮಗಳು ದಾರಿಗೆ ಬಂದಳಲ್ಲ ಎಂದು ಪ್ರಭಾ ಉಸಿರು ಬಿಡುವಷ್ಟರಲ್ಲಿ ಗಂಡ ದಾರಿ ತಪ್ಪಲು ಶುರುಮಾಡಿದ.

ರಾಮಪ್ರಸಾದ ಅಳೆದು ತೂಗಿ ಹೆಜ್ಜೆಯಿಡುವ ಮನುಷ್ಯ. ಕ್ಯೋಟೋಗೆ ಹೋಗುವುದೆಂದರೆ ಚೀಲವನ್ನು ಯಾವ ಸ್ಟೇಷನ್ನಿನ ಲಾಕರಿನಲ್ಲಿ ಇಡುವುದೆಂಬುದೂ ಮೊದಲೇ ತೀರ್ಮಾನವಾಗಿರುತ್ತಿತ್ತು. ಅಂಥವನು ಒಂದು ಭಾನುವಾರ ಕೊಂಬಿನಿ ಅಂಗಡಿಯ ಎದುರಿನ ರಸ್ತೆಯಲ್ಲಿ ಕೆಂಪು ದೀಪವಿರುವಾಗಲೇ ನಡೆದುಬಿಟ್ಟ. ಗಾಡಿಗಳೇನೂ ಇರಲಿಲ್ಲ. ಆದರೂ ಈಚೆ ದಡದಲ್ಲಿ ಎಲ್ಲರೂ ನಿಂತೇ ಇದ್ದರು.

"ರೀ, ರೆಡ್ ಇದೆ!"

"ಗಾಡೀನೇ ಇಲ್ವಲ್ಲ, ಬಿಡೆ," ಎಂದು ಅವನು ನಕ್ಕ. ಆ ನಗು ಪ್ರಭಾಳಿಗೆ ಗುರುತು ಸಿಗದ ನಗು.

ಆಮೇಲೆ ಇಂಥವು ಒಂದರ ಹಿಂದೊಂದು ಬಂದವು. ಯಾರಿಗೋ ಕೊಡಲು ತಂದ ಸಿಹಿಯ ಡಬ್ಬಿಯನ್ನು ನಿಂತಲ್ಲೇ ಖಾಲಿ ಮಾಡಿದ. ಅವನ ಹಳೆಯ ಗೆಳೆಯ, ಸಹೋದ್ಯೋಗಿ ಚಂದ್ರಮೌಳಿ ತನ್ನ ತಾಯಿಯ ಸಾವಿನ ಸುದ್ದಿ ಹೇಳುವಾಗ ಟಿವಿಯ ಸದ್ದು ಜೋರು ಮಾಡಿದ. ಪ್ರಭಾ ಆಫೀಸಿನ ದಣಿವೆಂದು ಸಮಾಧಾನ ಮಾಡಿಕೊಂಡಳು. ಒಂದು ಮಧ್ಯಾಹ್ನ ಅವಳು ಕೇಂದ್ರದಲ್ಲಿದ್ದಾಗ ಚಂದ್ರಮೌಳಿಯೇ ಫೋನ್ ಮಾಡಿದ.

"ತಪ್ಪು ತಿಳ್ಕೋಬೇಡಿ ಪ್ರಭಾ ಅವ್ರೇ. ಇವತ್ತು ಮೀಟಿಂಗಲ್ಲಿ ಬಾಸ್ ಮಾತಾಡ್ತಿರುವಾಗ ರಾಮಪ್ರಸಾದ ಎದ್ದು ಹೊರಟೇ ಹೋದ. ಕೆಲಸ ಹತ್ತು ಶುರು ಮಾಡ್ತಾನೆ, ಒಂದೂ ಮುಗಿಸಲ್ಲ. ಕೇಳಿದ್ರೆ ಎಲ್ಲಾ ನೆನಪಿದೆ ಅವನಿಗೆ. ಆದ್ರೆ... ಏನೋ ಸರಿಯಿಲ್ಲ."

ಫೋನ್ ಇಟ್ಟು ಅವಳು ತಲೆಯೆತ್ತಿದಾಗ ಅಂಗಳದಲ್ಲಿ ಅದೇ ಆಟ ನಡೆದಿತ್ತು. ಗೋಡೆಯ ಹುಡುಗ ತಿರುಗಿದ. ಯಾವತ್ತೂ ನಿಲ್ಲಲಾಗದ ಒಂದು ಪುಟ್ಟ ಪೋರ ಒಂಟಿಕಾಲಲ್ಲಿ ತೂಗಾಡಿ, ತುಟಿ ಕಚ್ಚಿ, ನಿಂತೇಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಭಾಳಿಗೆ ಕೈ ಏಳಲಿಲ್ಲ. ಈ ಮಗುವಿಗೆ ಇವತ್ತು ಬಂದದ್ದು ಯಾವುದೋ, ಅದು ತನ್ನ ಮನೆಯಲ್ಲಿ ಸದ್ದಿಲ್ಲದೆ ಸೋರಿಹೋಗುತ್ತಿದೆ ಎಂದು ಅವಳಿಗೆ ಆ ಕ್ಷಣ ಹೊಳೆಯಿತು.

ಅದೇ ವಾರ ಮೂವರೂ ತರಕಾರಿಗೆ ಹೊರಟಿದ್ದರು. ರೈಲ್ವೆ ಗೇಟಿನ ಗಂಟೆ ಬಡಿದು ಹಳದಿ ಕಪ್ಪು ಪಟ್ಟೆಯ ಕಂಬಿ ಇಳಿಯಿತು. ರಾಮಪ್ರಸಾದ ಮಾತಾಡುತ್ತಲೇ ಅದನ್ನು ಎತ್ತಿ, ಬಗ್ಗಿ, ಒಳಗೆ ನಡೆದ.

"ಅಪ್ಪಾ! ಡೋಂಟ್ ಗೋ! ಅಬುನೈ!" ಅಪಾಯ ಎಂದು ಜಪಾನಿಯಲ್ಲೂ ಕಿರುಚಿದಳು ಅಪೂರ್ವಾ. ಅವನು ತಿರುಗಿ ನೋಡಿ ಮುಗುಳ್ನಕ್ಕ, ಕಾಲು ಮಾತ್ರ ಮುಂದೆಯೇ ಹೋಗುತ್ತಿತ್ತು. ಪಕ್ಕದ ಕಂಬದಲ್ಲಿ ರೈಲು ತಡೆಯುವ ತುರ್ತು ಗುಂಡಿ ಇತ್ತು. ಪ್ರಭಾಳಿಗೆ ಅದು ನೆನಪಾದದ್ದು ಮನೆಗೆ ಬಂದ ಮೇಲೆ. ಆ ಕ್ಷಣ ಗಂಟಲಿನಿಂದ ಬಂದದ್ದು ಕೇಂದ್ರದಲ್ಲಿ ಆಡಿ ಆಡಿ ರೂಢಿಯಾದ ದನಿ.

"ರೀ. ಇಲ್ಲಿ ಬನ್ನಿ."

ಅವನು ನಿಂತ. ತಿರುಗಿ ಬಂದ.

"ನನ್ನ ಕೈ ಹಿಡ್ಕೊಳ್ಳಿ."

ಹೇಳಿದ ಮಾತು ಕೇಳುವ ಹುಡುಗನಂತೆ ಹಿಡಿದ. ರೈಲು ಮುಖಕ್ಕೆ ಗಾಳಿ ಎರಚಿ ಹಾದುಹೋಯಿತು. "ಟೈಮ್ ಇತ್ತು ಕಣೆ," ಅಂದ. ಅಪೂರ್ವಾ ರಸ್ತೆಯಲ್ಲೇ ಕುಸಿದು ಕೂತು ಅಳುತ್ತಿದ್ದಳು. ಅವನ ಅಂಗೈ ಬೆಚ್ಚಗಿತ್ತು, ಚೂರೂ ನಡುಗುತ್ತಿರಲಿಲ್ಲ. ಅದಕ್ಕೇ ಪ್ರಭಾ ಹೆಚ್ಚು ಹೆದರಿದಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಮಿದುಳಿನ ಮುಂಭಾಗ ಸೊರಗುತ್ತಿದೆ, ನೆನಪು ಇನ್ನೂ ಗಟ್ಟಿಯಿರುವುದರಿಂದ ಯಾರಿಗೂ ಗೊತ್ತಾಗಿಲ್ಲ, ತಡೆಯುವ ಔಷಧಿಯಿಲ್ಲ ಎಂದರು ಡಾಕ್ಟರು. ಕಂಪನಿ ರಜೆ ಕೊಟ್ಟಿತು. ಅದು ಮುಗಿಯದ ರಜೆಯೆಂದು ಎಲ್ಲರಿಗೂ ಗೊತ್ತಿತ್ತು. ಹಯಾಶಿ-ಸಾನ್ ಪ್ರಭಾಳ ಕೈಮೇಲೆ ಕೈಯಿಟ್ಟು, "ಮಕ್ಕಳಿಗೆ ಆಸರೆ ಒಂದೊಂದೇ ತೆಗೀತೀವಿ. ಇವರಿಗೆ ಒಂದೊಂದೇ ಸೇರಿಸ್ತಾ ಹೋಗಿ," ಎಂದರು.

ಪ್ರಭಾ ಹಾಗೇ ಮಾಡಿದಳು. ಕಾರು ಮಾರಿದಳು. ಬಟ್ಟೆಗಳನ್ನು ಹಾಕಿಕೊಳ್ಳುವ ಕ್ರಮದಲ್ಲೇ ಸಾಲಾಗಿಟ್ಟಳು, ಸಿಹಿಗೆ ಬೀಗ ಹಾಕಿದಳು, ರೈಲು ಹಳಿ ಸಿಗದ ದಾರಿಯಲ್ಲೇ ಅವನನ್ನು ವಾಕಿಂಗಿಗೆ ಕರೆದೊಯ್ದಳು. ಕೆಲವು ದಿನ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಅವನು ಹಳೆಯ ತಮಾಷೆಯೊಂದನ್ನು ಹಳೆಯ ಹಾಗೇ ಹೇಳುತ್ತಿದ್ದ, ಅವಳು ನಗುತ್ತಿದ್ದಳು.

ವಂಶದಲ್ಲಿ ಇನ್ಯಾರಿಗಾದರೂ ಹೀಗಾಗಿತ್ತೇ ಎಂದು ಡಾಕ್ಟರು ಕೇಳಿದ್ದರು. ತುಮಕೂರಿನಲ್ಲಿದ್ದ ಗಂಡನ ಅಕ್ಕ ಕಮಲಾಕ್ಷಿಗೆ ಪ್ರಭಾ ಅಡುಗೆಮನೆಯಿಂದ ಫೋನ್ ಹಚ್ಚಿದಳು. ಅಪೂರ್ವಾ ಅಲ್ಲೇ ಮೇಜಿನ ಬಳಿ ಓದುತ್ತಿದ್ದಳು. ಅವಳಿಗೆಷ್ಟು ಕನ್ನಡ ಅರ್ಥವಾದೀತು ಎಂದುಕೊಂಡು ಪ್ರಭಾ ಸ್ಪೀಕರ್ ಹಾಕಿಯೇ ಪಾತ್ರೆ ತೊಳೆಯುತ್ತಿದ್ದಳು.

"ಅಪ್ಪನೂ ಹಿಂಗೇ ಆಗಿದ್ರು ಕಣೆ ಪ್ರಭಾ," ಆ ಕಡೆಯ ದನಿ ಇಳಿಯಿತು. "ಐವತ್ತು ದಾಟಿತ್ತು ಅಷ್ಟೆ. ಹುಚ್ಚು ಅಂತ ಜನ ಆಡ್ಕೋತಾರೆ ಅಂತ ನಾವು ಮುಚ್ಚಿಟ್ವಿ. ಅಪ್ಪನ ತಮ್ಮನೂ ಅಷ್ಟೇ. ನಿಂಗೆ ಹೇಳ್ಬೇಕಿತ್ತು. ಹೇಗೆ ಹೇಳೋದು?"

ಪ್ರಭಾ ನಲ್ಲಿ ನಿಲ್ಲಿಸಿದಳು. ಹಿಂದೆ ಪುಟ ಮಗುಚುವ ಸದ್ದೂ ನಿಂತಿತ್ತು.

"ತಾತಂಗೂನಾ?" ಅಪೂರ್ವಾ ಕೇಳಿದಳು. ಯಾವಾಗಲೂ ಇಂಗ್ಲಿಷು, ಜಪಾನಿಯಲ್ಲೇ ಉತ್ತರ ಕೊಡುವವಳ ಬಾಯಲ್ಲಿ ಸ್ವಚ್ಛವಾದ ಕನ್ನಡ.

ಪ್ರಭಾ ಹೋಗಿ ಮಗಳ ಪಕ್ಕ ಕೂತಳು. ಸುಳ್ಳು ಹೇಳಲಿಲ್ಲ. ನಿನಗೂ ಬರುತ್ತದೋ ಇಲ್ಲವೋ ರಕ್ತಪರೀಕ್ಷೆಯಿಂದ ತಿಳಿಯಬಹುದಂತೆ, ಆದರೆ ನೀನು ದೊಡ್ಡವಳಾದ ಮೇಲೆ, ಬೇಕು ಅಂದರೆ ಮಾತ್ರ ಎಂದಳು. ಹುಡುಗಿ ತಲೆಯಾಡಿಸಿದಳು. ಪರೀಕ್ಷೆ ಬರೆದಳು, ಬಯಸಿದ ಹೈಸ್ಕೂಲಿಗೇ ಸೇರಿದಳು.

ಈಗ ಪ್ರಭಾಳ ಕಣ್ಣು ಗಂಡನ ಮೇಲಿರುವುದಕ್ಕಿಂತ ಹೆಚ್ಚಾಗಿ ಮಗಳ ಮೇಲಿರುತ್ತದೆ. ಅಪೂರ್ವಾ ರೈಲಿನಲ್ಲಿ ಛತ್ರಿ ಬಿಟ್ಟು ಬರುತ್ತಾಳೆ, ಒಲೆಯ ಮೇಲೆ ಹಾಲಿಟ್ಟು ಫೋನ್ ಹಿಡಿಯುತ್ತಾಳೆ, ನಗಬಾರದಲ್ಲಿ ಕಿಸಕ್ಕನೆ ನಗುತ್ತಾಳೆ. ಆ ವಯಸ್ಸೇ ಹಾಗೆ, ಇನ್ನೂ ಮಾಗಬೇಕು ಎಂದು ಪ್ರಭಾ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಅಪೂರ್ವಾ ತಲೆಯೆತ್ತಿ, "ವಾಟ್, ಅಮ್ಮ?" ಎನ್ನುತ್ತಾಳೆ. ಏನಿಲ್ಲ ಎಂದು ಇವಳು ಉಕ್ಕುತ್ತಿರುವ ಹಾಲಿನ ಕಡೆ ತಿರುಗುತ್ತಾಳೆ. ಅಮ್ಮ ಏನು ನೋಡುತ್ತಿದ್ದಳೆಂದು ಇಬ್ಬರಿಗೂ ಗೊತ್ತು.