ಮೊದಲು ಇಳಿದ ಮೇಜು

"ಮನೆ ಖಾಲಿ ಮಾಡುವುದೂ ಕೊನೆಯ ಪರೀಕ್ಷೆಯೂ ಒಟ್ಟಿಗೆ ಆಗ್ಲಿಕ್ಕಿಲ್ಲ. ಈ ವರ್ಷ ಡಿಗ್ರಿ ಬಿಡು ಮಾರಾಯ್ತಿ" ಎಂದವರು ನನ್ನ ಸೋದರಮಾವ. ಹಾಗೆ ಹೇಳಿದವರೇ ಮರುದಿನ ಬೆಳಿಗ್ಗೆ ಬೈಕಂಪಾಡಿಯ ನಮ್ಮ ಬಾಡಿಗೆ ಮನೆಯೆದುರು ತಮ್ಮ ಟೆಂಪೊ ತಂದು ನಿಲ್ಲಿಸಿದರು.

ನಮ್ಮವರಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಒಂದು ವರ್ಷ ಬಿಟ್ಟರೆ ನಾನು ಕೆಲಸಕ್ಕೆ ಸೇರಿಬಿಡುತ್ತೇನೆ, ಮತ್ತೆ ಓದಲಿಕ್ಕಿಲ್ಲ ಎಂದು ನನಗೆ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಒಂದು ಪಾತ್ರೆ ಎತ್ತಲಿಕ್ಕೂ ನನ್ನನ್ನು ಬಿಡಲಿಲ್ಲ. ನಾನು ಓದುವ ಮೇಜನ್ನು ಎಲ್ಲದರ ಕೊನೆಗೆ ಟೆಂಪೊಗೆ ಏರಿಸಿದರು. ಕೊನೆಗೆ ಏರಿದ್ದು ಮೊದಲು ಇಳಿಯುತ್ತದಲ್ಲ!

ಬಿಕರ್ನಕಟ್ಟೆಯ ಹೊಸ ಮನೆ ಮೂರನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಮಾವ ಮೇಜು ಹೊತ್ತು ತಂದದ್ದು ನೋಡಿ ಅಮ್ಮ ಬಾಗಿಲಿಗೆ ಅಡ್ಡ ನಿಂತರು.

"ಎಂತ ಮಾಡ್ತಿ ನೀನು? ಮೊದಲು ಒಲೆ ಬರ್ಬೇಕು, ಹಾಲು ಉಕ್ಕಿಸ್ಬೇಕು."

"ಹಾಲು ಮಧ್ಯಾಹ್ನವೂ ಉಕ್ಕುತ್ತದೆ ಅಕ್ಕ. ಇವಳಿಗೆ ನಾಳೆ ಪರೀಕ್ಷೆ ಉಂಟು."

ಅಮ್ಮ ನಕ್ಕು ದಾರಿ ಬಿಟ್ಟರು. ಸಂಜೆಯವರೆಗೆ ಮಾವ ಕಪಾಟು, ಮಂಚ, ರುಬ್ಬುವ ಕಲ್ಲು ಹೊತ್ತು ಮೆಟ್ಟಿಲು ಹತ್ತುತ್ತಲೇ ಇದ್ದರು. ನಾನು ಕಿಟಕಿಯ ಬಳಿ ಓದುತ್ತಲೇ ಇದ್ದೆ.

ಕಳೆದ ತಿಂಗಳು ಬಲ್ಮಠದ ಕಾಲೇಜಿನಿಂದ ಸರ್ಟಿಫಿಕೇಟ್ ತಂದವಳು ಮೊದಲು ಮಾವನ ಕೈಗೇ ಕೊಟ್ಟೆ. ಅವರು ಲುಂಗಿಗೆ ಕೈ ಒರೆಸಿಕೊಂಡು ಅದನ್ನು ಹಿಡಿದು, ನಿಧಾನಕ್ಕೆ ಓದಿ ಮುಗಿಸಿದರು.

"ಭಾರೀ ಲಾಯ್ಕ್ ಆಯ್ತು. ಇನ್ನು ಎಂ.ಎ. ಕೂಡ ಮಾಡು. ಆದರೆ ಆ ಪರೀಕ್ಷೆಯ ಹೊತ್ತಿಗೆ ಮಾತ್ರ ಮನೆ ಬದಲಿಸ್ಬೇಡಿ ಮಾರಾಯ್ತಿ, ನನ್ನ ಸೊಂಟ ಕೇಳ್ಲಿಕ್ಕಿಲ್ಲ."